ಐದೋ, ಎಂಟೋ: ಬೆಟಗೇರಿಯ ಒಂದು ಫುಟಿಂಗ್ ಹಾಳೆಯ ಪ್ರಕರಣ

ಬೆಳಿಗ್ಗೆ ಎಂಟೂವರೆಗೆ, ಮನೆ ಕಟ್ಟುತ್ತಿದ್ದ ಗೌಂಡಿ ಕಾಕಾ ಫೋನ್ ಮಾಡಿದರು. "ಸರ, ಐದು ಫೂಟ್ ಇಳಿದ್ವಿ. ಇನ್ನೂ ಎರಿ ಮಣ್ಣೇ ಐತ್ರಿ. ಗರಸು ಹತ್ತವಲ್ದು. ಏನ್ ಮಾಡೂಣು?"

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆ ಸೈಟಿನಲ್ಲಿ ನಾವೇ ಎದುರಿಗೆ ನಿಂತು ಪರೀಕ್ಷೆಗೆ ಒಂದು ತಗ್ಗು ತೋಡಿಸಿದ್ದೆವು. ಸುಮಾರು 1.6 ಮೀಟರ್ ತನಕ ಎರೆ ಮಣ್ಣು, ಅದರ ಕೆಳಗೆ ಗರಸು, ಅಂದರೆ ಗಟ್ಟಿ ಕಲ್ಲು ಮಣ್ಣು. ಅದಕ್ಕೇ ಫುಟಿಂಗಿನ (ಕಂಬದ ಬುನಾದಿಯ) ಆಳ 1800 ಮಿಲಿಮೀಟರ್ ಎಂದು ಕೊಟ್ಟಿದ್ದೆವು. ಫೂಟಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರು.

"ಐದ್ ಯಾಕ್ರಿ ಕಾಕಾ, ಆರು ಫೂಟ್ ಅಲ್ಲೇನ್ರಿ?"

"ಹಾಳ್ಯಾಗ ಹದಿನೈದು ನೂರು ಅಂತ ಐತಲ್ರಿ ಸರ."

ಫೋಟೋ ಕಳಿಸಿ ಎಂದೆ. ವಾಟ್ಸಾಪ್‌ನಲ್ಲಿ ಬಂತು. ಎ4 ಹಾಳೆ. ನಾಲ್ಕು ಮಡಿಕೆ ಬಿದ್ದಿತ್ತು, ಒಂದು ಮೂಲೆಯಲ್ಲಿ ಎರೆ ಮಣ್ಣಿನ ಹೆಬ್ಬೆರಳ ಗುರುತು. ಅಳತೆ ಬರೆದ ಜಾಗದಲ್ಲಿ ಇದ್ದದ್ದು ಒಂದು ಕಪ್ಪು ಚುಕ್ಕೆಯ ಸಾಲು. ನಾನು ಅದನ್ನು 1800 ಎಂದೇ ಓದಿದೆ, ಯಾಕೆಂದರೆ ಅದು 1800 ಎಂದು ನನಗೆ ಗೊತ್ತಿತ್ತು. ಅವರು 1500 ಎಂದು ಓದಿದ್ದರು, ಯಾಕೆಂದರೆ ಅವರು ಕಟ್ಟಿದ ಎಷ್ಟೋ ಮನೆಗಳಲ್ಲಿ ಐದು ಫೂಟೇ ಆಳ. ಅಂಕಿ ಕಾಣದಿದ್ದಾಗ ಇಬ್ಬರೂ ನಮ್ಮ ನಮ್ಮ ಮನಸ್ಸಿನಲ್ಲಿದ್ದದ್ದನ್ನು ಓದಿಕೊಂಡಿದ್ದೆವು.

ಆ ಡ್ರಾಯಿಂಗ್ ಮಾಡಿದವನು ನಾನು. ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿನಲ್ಲಿ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬರೆಯುವ, ಕೆಲಸ ಮಾಡುತ್ತೇನೆ. ಏನು ತಪ್ಪಿತು, ಎಲ್ಲಿ ತಪ್ಪಿತು, ಆಮೇಲೆ ಏನು ಬದಲಾಯಿಸಿದೆವು ಎಂಬುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಮ್ಮ ಕಡೆ ಮನೆ ಪ್ಲಾನ್ ಮಾಡುವ ಹುಡುಗರು, ಡಿಪ್ಲೊಮಾ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರು ಓದಲಿ ಎಂಬ ಆಸೆ.

ಮನೆ ಮತ್ತು ಹಾಳೆ

ಸೈಟ್ ಇರುವುದು ಗದಗ-ಬೆಟಗೇರಿಯಲ್ಲಿ, ಬೆಟಗೇರಿ ಭಾಗದಲ್ಲಿ. 30 ಫೂಟು ಅಗಲ, 50 ಫೂಟು ಉದ್ದ. ಮನೆಯವರು ನೇಕಾರರು. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಮನೆ, ಮುಂದೆ ಎಂದಾದರೂ ಮೇಲೊಂದು ಮಹಡಿ. 12 ಕಾಲಂ, 12 ಫುಟಿಂಗ್. ದೊಡ್ಡ ಕೆಲಸವೇನಲ್ಲ. ಆದರೆ ಎರೆ ಮಣ್ಣಿನ ಮೇಲೆ ಮನೆ ಕಟ್ಟುವುದು ಸಣ್ಣ ಮಾತೂ ಅಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಕೈ ತೂರುವಷ್ಟು ಬಿರುಕು ಬಿಟ್ಟ ಹೊಲವನ್ನು ನಮ್ಮ ಕಡೆಯವರು ಎಲ್ಲರೂ ನೋಡಿದ್ದಾರೆ. ಫುಟಿಂಗ್ ಆ ಮಣ್ಣಿನಲ್ಲೇ ನಿಂತರೆ ಗೋಡೆಯೂ ಅದರ ಜೊತೆ ಏರಿಳಿಯುತ್ತದೆ. ಹಾಗಾಗಿ ಆ 300 ಮಿಲಿಮೀಟರ್, ಅಂದರೆ ಒಂದು ಫೂಟು, ಇಡೀ ಮನೆಯ ಪ್ರಶ್ನೆ.

ನಾನು ಮಾಡಿದ ಮೂಲ ಹಾಳೆ ಎ2. ಅದರಲ್ಲಿ ಎಡಕ್ಕೆ ಕಾಲಂ ಪ್ಲಾನ್ 1:100ರಲ್ಲಿ (ನಿಜದ ನೂರು ಮಿಲಿಮೀಟರಿಗೆ ಹಾಳೆಯಲ್ಲಿ ಒಂದು), ಬಲಕ್ಕೆ ಫುಟಿಂಗ್ ಸೆಕ್ಷನ್ (ಸೀಳಿ ನೋಡಿದ ಚಿತ್ರ) 1:20ರಲ್ಲಿ, ಕೆಳಗೆ ಕಂಬಿಯ ಪಟ್ಟಿ. ಹುಬ್ಬಳ್ಳಿಯಲ್ಲಿ ಅದನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಗದಗಿನಲ್ಲಿ ಮನೆಯವರ ಮಗ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿದ. ಅಂಗಡಿಯ ಸಾಮಾನ್ಯ ಪ್ರಿಂಟರಿನಲ್ಲಿ ಇರುವುದು ಎ4 ಹಾಳೆ. ಎ2 ಪುಟ ಅದರಲ್ಲಿ ಹಿಡಿಯುವಂತೆ ತಾನಾಗಿಯೇ ಕುಗ್ಗಿತು. ಆಮೇಲೆ ಆ ಪ್ರಿಂಟಿನ ಮೇಲೆ ಇನ್ನೆರಡು ಝೆರಾಕ್ಸ್ ತೆಗೆಸಿ ಒಂದನ್ನು ಗೌಂಡಿ ಕಾಕಾನ ಕೈಗೆ ಕೊಟ್ಟ. ಇದರಲ್ಲಿ ಆ ಹುಡುಗನದಾಗಲಿ ಅಂಗಡಿಯವರದಾಗಲಿ ತಪ್ಪು ಏನಿದೆ? ನಮ್ಮ ಊರುಗಳಲ್ಲಿ ಸೈಟಿಗೆ ಡ್ರಾಯಿಂಗ್ ಹೋಗುವ ದಾರಿಯೇ ಇದು. ಅದು ನನಗೆ ಗೊತ್ತಿರಬೇಕಿತ್ತು.

ಎಳೆ ಎಣಿಸುವ ಗಾಜಿನಲ್ಲಿ ಕಂಡದ್ದು

ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಿಗೆ ಹೊರಟೆ. ಸೈಟ್ ಮುಟ್ಟಿದಾಗ 12ರಲ್ಲಿ 7 ತಗ್ಗು ಐದು ಫೂಟಿಗೆ ಮುಗಿದಿದ್ದವು. ಜೆಸಿಬಿ ಹಿಂದಿನ ಸಂಜೆಯೇ ಬೇರೆ ಕೆಲಸಕ್ಕೆ ಹೋಗಿತ್ತು. ಪುಣ್ಯಕ್ಕೆ ಪಿಸಿಸಿ (ತಳಕ್ಕೆ ಹಾಕುವ ಕಂಬಿ ಇಲ್ಲದ ಕಾಂಕ್ರೀಟ್) ಹಾಕಿರಲಿಲ್ಲ. ತಳದಲ್ಲಿ ಕಪ್ಪು ಮಣ್ಣು ಕಂಡದ್ದಕ್ಕೇ ಕಾಕಾ ಕೆಲಸ ನಿಲ್ಲಿಸಿ ಫೋನ್ ಮಾಡಿದ್ದರು. ಅವರ ಆ ಅನುಭವ ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಾಂಕ್ರೀಟ್ ಬಿದ್ದಿರುತ್ತಿತ್ತು.

ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಮನೆಯ ಯಜಮಾನರು ಒಳಗಿನಿಂದ ಒಂದು ಸಣ್ಣ ಮಡಚುವ ಗಾಜು ತಂದುಕೊಟ್ಟರು. ಬಟ್ಟೆಯಲ್ಲಿ ಇಂಚಿಗೆ ಎಷ್ಟು ಎಳೆ ಇವೆ ಎಂದು ಎಣಿಸಲು ನೇಕಾರರು ಇಟ್ಟುಕೊಳ್ಳುವ ಗಾಜು ಅದು. ಹಾಳೆಯ ಮೇಲೆ ಅದನ್ನಿಟ್ಟು ಬಗ್ಗಿ ನೋಡಿದೆ.

ಎಂಟರ ಎರಡೂ ಹೊಟ್ಟೆ ತುಂಬಿಹೋಗಿದ್ದವು. ಮೇಲಿನ ಬಲಗಡೆ ಮತ್ತು ಕೆಳಗಿನ ಎಡಗಡೆ, ಮಡಿಕೆ ಬಿದ್ದ ಕಡೆ, ಟೋನರ್ ಸ್ವಲ್ಪ ಉದುರಿತ್ತು. ಸರಿಯಾಗಿ ಐದರಲ್ಲಿ ಎಲ್ಲಿ ಬಾಯಿ ಬಿಟ್ಟಿರುತ್ತದೋ ಅಲ್ಲೇ. ಕಾಕಾ ಓದಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಆ ಹಾಳೆಯಲ್ಲಿ ಅದು ನಿಜವಾಗಿಯೂ ಐದೇ ಆಗಿತ್ತು.

ಆದರೆ ಅದೇ ಹಾಳೆಯಲ್ಲಿ ಎಡಗಡೆಯ ಕಾಲಂ ಪ್ಲಾನಿನ ಅಂಕಿಗಳು ಕಷ್ಟಪಟ್ಟಾದರೂ ಓದಲು ಬರುತ್ತಿದ್ದವು. ಅಲ್ಲಿ 3 ಮೂರಾಗಿತ್ತು, 8 ಎಂಟಾಗಿತ್ತು. ಸೆಕ್ಷನ್ನಿನ ಅಂಕಿ ಮಾತ್ರ ಅದರ ಅರ್ಧದಷ್ಟಿತ್ತು. ಒಂದೇ ಹಾಳೆ, ಒಂದೇ ಪ್ರಿಂಟರ್, ಒಂದೇ ಝೆರಾಕ್ಸ್. ಹಾಗಾದರೆ ಹಾಳೆ ಕುಗ್ಗಿದ್ದು ಕಾರಣದ ಅರ್ಧ ಭಾಗ ಅಷ್ಟೇ. ಇನ್ನರ್ಧ ನನ್ನ ಫೈಲಿನಲ್ಲಿತ್ತು.

ಫೈಲಿನಲ್ಲಿ ಏನಾಗಿತ್ತು

ಕ್ಯಾಡ್‌ನಲ್ಲಿ ನಾವು ಮನೆಯನ್ನು ಇದ್ದ ಅಳತೆಯಲ್ಲೇ ಬರೆಯುತ್ತೇವೆ. ಮಿಲಿಮೀಟರ್ ಯೂನಿಟ್ ಇಟ್ಟುಕೊಂಡರೆ 3 ಮೀಟರ್ ಗೋಡೆ ಅಂದರೆ 3000. ಸ್ಕೇಲ್ ಬರುವುದು ಹಾಳೆಗೆ ಹಾಕುವಾಗ. ಇದು ಬಹಳ ಅನುಕೂಲ. ಆದರೆ ಅಕ್ಷರಕ್ಕೆ ಇದು ಒಂದು ತೊಡಕು ತಂದಿಡುತ್ತದೆ. ಗೋಡೆಗೆ ನಿಜವಾದ ಅಳತೆ ಇದೆ. ಅಕ್ಷರಕ್ಕೆ ಎಲ್ಲಿದೆ? "ಅಡುಗೆ ಮನೆ" ಎಂಬ ಪದ ಆ ಕೋಣೆಯ ನೆಲದ ಮೇಲೆ ಎಲ್ಲೂ ಬರೆದಿಲ್ಲ. ಅದಕ್ಕೆ ಅಳತೆ ಇರುವುದು ಹಾಳೆಯ ಮೇಲೆ ಮಾತ್ರ.

ಆದ್ದರಿಂದ ಲೆಕ್ಕ ಹಾಳೆಯಿಂದ ಶುರುವಾಗಬೇಕು. ಹಾಳೆಯ ಮೇಲೆ ಅಕ್ಷರ 2.5 ಮಿಲಿಮೀಟರ್ ಎತ್ತರ ಇರಬೇಕೇ? ಸ್ಕೇಲ್ 1:100 ಆದರೆ ಫೈಲಿನಲ್ಲಿ ಅದನ್ನು 250 ಎತ್ತರ ಬರೆಯಬೇಕು. 1:50 ಆದರೆ 125. 1:20 ಆದರೆ 50. 1:10 ಆದರೆ 25. ಹಾಳೆಯ ಮೇಲಿನ ಎತ್ತರ ಗುಣಿಸು ಸ್ಕೇಲಿನ ಅಂಕಿ, ಇಷ್ಟೇ. ಡ್ರಾಯಿಂಗ್ ಮೀಟರ್ ಯೂನಿಟ್‌ನಲ್ಲಿದ್ದರೆ ಅದನ್ನೇ ಸಾವಿರದಿಂದ ಭಾಗಿಸಿ: 1:100ಕ್ಕೆ 0.25, 1:20ಕ್ಕೆ 0.05. ಸರ್ವೆ ಮಾಡಿದವರ ಫೈಲ್ ಸಾಮಾನ್ಯವಾಗಿ ಮೀಟರಿನಲ್ಲಿ ಬರುತ್ತದೆ, ಅದರಲ್ಲಿ 250 ಎಂದು ಕೊಟ್ಟರೆ ಒಂದೇ ಅಕ್ಷರ ಇಡೀ ಓಣಿಯನ್ನು ಮುಚ್ಚುತ್ತದೆ. ಫೂಟು ಇಂಚಿನಲ್ಲಿ ಬರೆಯುವವರು ನಮ್ಮಲ್ಲಿ ಇನ್ನೂ ಬಹಳ ಜನ ಇದ್ದಾರೆ. ಎಂಟನೇ ಒಂದು ಇಂಚಿಗೆ ಒಂದು ಫೂಟು ಎಂಬ ಸ್ಕೇಲ್ ಅಂದರೆ 1:96. ಅಲ್ಲಿ ಹಾಳೆಯ ಮೇಲೆ 3/32 ಇಂಚು ಅಕ್ಷರ ಬೇಕಾದರೆ ಫೈಲಿನಲ್ಲಿ 9 ಇಂಚು.

ನನ್ನ ಕಾಲಂ ಪ್ಲಾನಿನಲ್ಲಿ ಈ ಲೆಕ್ಕ ಸರಿಯಾಗಿತ್ತು. ಅಕ್ಷರ 250, ಸ್ಕೇಲ್ 1:100, ಎ2 ಮೇಲೆ 2.5. ಎ4ಗೆ ಬಂದಾಗ ಅರ್ಧವಾಗಿ 1.25. ಕಷ್ಟ, ಆದರೂ ಕಾಣುತ್ತದೆ.

ಸೆಕ್ಷನ್ನಿನ ಕಥೆ ಬೇರೆ. ಅದನ್ನು ನಾನು ಮೊದಲಿನಿಂದ ಬರೆದಿರಲಿಲ್ಲ. ಹಳೆಯ ಒಂದು ಕೆಲಸದ ಛಜ್ಜಾ ಡಿಟೇಲಿನಿಂದ ಕಂಬಿ, ಬಾಣದ ಗುರುತು, ಅಳತೆ ಗೆರೆ ಎಲ್ಲ ಕಾಪಿ ಮಾಡಿ ತಂದು ಫುಟಿಂಗಿಗೆ ಹೊಂದಿಸಿದ್ದೆ. ಆ ಛಜ್ಜಾ ಡಿಟೇಲ್ ಇದ್ದದ್ದು 1:10ರಲ್ಲಿ. ಅದರ ಡೈಮೆನ್ಷನ್ ಸ್ಟೈಲಿನಲ್ಲಿ, ಅಂದರೆ ಅಳತೆಯ ಅಂಕಿ ಹೇಗೆ ಕಾಣಬೇಕು ಎಂಬ ಸೆಟ್ಟಿಂಗಿನಲ್ಲಿ, ಅಕ್ಷರ 2.5, ಅದನ್ನು ಗುಣಿಸುವ ಓವರಾಲ್ ಸ್ಕೇಲ್ 10 ಎಂದಿತ್ತು. ಅಂದರೆ ಫೈಲಿನಲ್ಲಿ 25. ಕಾಪಿ ಮಾಡಿದಾಗ ಸ್ಟೈಲ್ ಕೂಡ ಜೊತೆಗೇ ಬಂತು. ನಾನು ವ್ಯೂಪೋರ್ಟನ್ನು, ಅಂದರೆ ಹಾಳೆಯ ಮೇಲೆ ಡ್ರಾಯಿಂಗ್ ತೋರಿಸುವ ಕಿಟಕಿಯನ್ನು, ಸರಿಯಾಗಿ 1:20 ಮಾಡಿದೆ. ಫುಟಿಂಗ್ ಅಳತೆ ಸರಿ, ಗೆರೆ ಸರಿ, ಅಂಕಿಯೂ ಸರಿ, 1800. ಆದರೆ 25 ಎತ್ತರದ ಅಂಕಿ 1:20ರಲ್ಲಿ 1.25 ಆಗುತ್ತದೆ. ಎ2 ಹಾಳೆಯ ಮೇಲೆಯೇ ಅದು ಬೇಕಾದ್ದರ ಅರ್ಧ. ಎ4ಗೆ ಬಂದಾಗ 0.625.

ಕಾಪಿ ಮಾಡುವಾಗ ಇನ್ನೊಂದು ಮಾತು ನೆನಪಿಡಬೇಕು. ಎರಡೂ ಫೈಲಿನಲ್ಲಿ ಒಂದೇ ಹೆಸರಿನ ಸ್ಟೈಲ್ ಇದ್ದರೆ, ಯಾವ ಫೈಲಿಗೆ ತಂದು ಹಾಕುತ್ತೇವೋ ಆ ಫೈಲಿನ ಸ್ಟೈಲೇ ಗೆಲ್ಲುತ್ತದೆ. ನಮ್ಮ ಎಲ್ಲ ಫೈಲಿನಲ್ಲೂ ಅದರ ಹೆಸರು "1-20", "1-100" ಎಂದು ಸ್ಕೇಲಿನ ಮೇಲೆ ಇದ್ದಿದ್ದರೆ ಈ ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು. ಆ ಹಳೆಯ ಸ್ಟೈಲಿನ ಹೆಸರು ಬರೀ "ಡಿಟೇಲ್".

ಆಫೀಸಿನಲ್ಲಿ ಯಾಕೆ ಕಾಣಲಿಲ್ಲ ಎಂದು ನಮ್ಮ ಮನೆಯಾಕೆ ಕೇಳಿದಳು. ನ್ಯಾಯವಾದ ಪ್ರಶ್ನೆ. ಪರದೆಯ ಮೇಲೆ ನಾನು ಪ್ಲಾನ್ ನೋಡುವಾಗ ಪ್ಲಾನಿನ ಹತ್ತಿರ ಹೋಗುತ್ತೇನೆ, ಸೆಕ್ಷನ್ ನೋಡುವಾಗ ಮೌಸ್ ಉರುಳಿಸಿ ಸೆಕ್ಷನ್ನಿನ ಹತ್ತಿರ ಹೋಗುತ್ತೇನೆ. ಪ್ರತಿ ಸಲ ಓದಲು ಬರುವಷ್ಟು ದೊಡ್ಡದಾಗಿಯೇ ಕಾಣುತ್ತದೆ. ಎರಡನ್ನೂ ಒಟ್ಟಿಗೆ, ಹಾಳೆಯ ಗಾತ್ರದಲ್ಲಿ, ಕೈಯಲ್ಲಿ ಹಿಡಿದು ನಾನು ನೋಡಲೇ ಇಲ್ಲ.

ಗೆರೆಯ ದಪ್ಪ

0.625 ಮಿಲಿಮೀಟರ್ ಸಣ್ಣದು ನಿಜ. ಆದರೆ ಔಷಧದ ಚೀಟಿಯಲ್ಲಿ ಒಂದು ಮಿಲಿಮೀಟರ್ ಅಕ್ಷರವನ್ನೂ ಓದುತ್ತೇವಲ್ಲ, ಇಲ್ಲಿ ಎಂಟರ ಹೊಟ್ಟೆ ಪೂರ್ತಿ ತುಂಬಿದ್ದು ಯಾಕೆ? ಇದು ನನ್ನನ್ನು ಎರಡು ದಿನ ಕಾಡಿತು. ಉತ್ತರ ಫಾಂಟಿನಲ್ಲಿತ್ತು.

ನಾವು ಬಳಸುವುದು ಕ್ಯಾಡ್‌ನ ಹಳೆಯ ಎಸ್‌ಎಚ್‌ಎಕ್ಸ್ ಫಾಂಟ್. ಅದರಲ್ಲಿ ಅಕ್ಷರ ಅಂದರೆ ಬರೀ ಗೆರೆ. ಆ ಗೆರೆಗೆ ಸ್ವಂತ ದಪ್ಪ ಇಲ್ಲ, ನಾವು ಕೊಟ್ಟ ಪೆನ್ನಿನ ದಪ್ಪವೇ ಅದರ ದಪ್ಪ. ಅಕ್ಷರ ಸಣ್ಣದಾದರೂ ಗೆರೆ ಸಣ್ಣದಾಗುವುದಿಲ್ಲ. ಕಂಪ್ಯೂಟರಿನ ಮಾಮೂಲಿ ಟ್ರೂಟೈಪ್ ಫಾಂಟಿನಲ್ಲಿ ಹಾಗಲ್ಲ, ಅಲ್ಲಿ ಎತ್ತರ ಕಡಿಮೆಯಾದ ಹಾಗೆ ದಪ್ಪವೂ ಕಡಿಮೆಯಾಗುತ್ತದೆ.

ಡ್ರಾಯಿಂಗ್ ಅಕ್ಷರಗಳ ಅಂತರರಾಷ್ಟ್ರೀಯ ನಿಯಮ ಐಎಸ್‌ಓ 3098. ನಮ್ಮ ದೇಶದಲ್ಲಿ ಐಎಸ್ 9609. ಅಲ್ಲಿನ ಬಿ ಬಗೆಯ ಅಕ್ಷರದಲ್ಲಿ ಗೆರೆಯ ದಪ್ಪ ಎತ್ತರದ ಹತ್ತನೇ ಒಂದು ಭಾಗ. 2.5ಕ್ಕೆ 0.25 ಪೆನ್, 3.5ಕ್ಕೆ 0.35, 5ಕ್ಕೆ 0.5. ನನ್ನ ಪೆನ್ 0.25 ಇತ್ತು, ಅಕ್ಷರ 2.5 ಇರಬೇಕು ಎಂಬ ನಂಬಿಕೆಯಲ್ಲಿ. ಅಕ್ಷರ 1.25 ಆದಾಗ ಗೆರೆ ಐದನೇ ಒಂದು ಭಾಗ ಆಯಿತು, ಬೇಕಾದ್ದರ ಎರಡರಷ್ಟು ದಪ್ಪ.

ಈಗ ಇದನ್ನು ಪ್ರಿಂಟರಿನ ಚುಕ್ಕೆಯಲ್ಲಿ ಎಣಿಸಿ ನೋಡಿ. ಇಂಚಿಗೆ 600 ಚುಕ್ಕೆಯ ಲೇಸರ್ ಪ್ರಿಂಟರ್ ಅಂದರೆ ಒಂದು ಚುಕ್ಕೆ ಸುಮಾರು 0.042 ಮಿಲಿಮೀಟರ್. ಎ4 ಮೇಲೆ ನನ್ನ ಎಂಟು 15 ಚುಕ್ಕೆ ಎತ್ತರ. ಗೆರೆಯೂ ಅರ್ಧವಾಗಿ 0.125, ಅಂದರೆ 3 ಚುಕ್ಕೆ ದಪ್ಪ. ಮೇಲೊಂದು, ನಡುವೆ ಒಂದು, ಕೆಳಗೊಂದು ಗೆರೆ. ಒಂದೊಂದು ಹೊಟ್ಟೆಗೆ ಉಳಿಯುವ ಬಿಳಿ ಜಾಗ ಹೆಚ್ಚೆಂದರೆ ನಾಲ್ಕು ಚುಕ್ಕೆ. ಸುತ್ತಲಿಂದ ಟೋನರ್ ಸ್ವಲ್ಪ ಹರಡಿದರೆ ಅಲ್ಲಿಗೆ ಮುಗಿಯಿತು. ಮೇಲಿಂದ ಝೆರಾಕ್ಸ್ ಬೇರೆ. ಅದೇ ಎಂಟು 2.5 ಎತ್ತರದಲ್ಲಿ, 0.25 ಪೆನ್ನಿನಲ್ಲಿ ಇದ್ದಿದ್ದರೆ? ಒಂದೊಂದು ಹೊಟ್ಟೆಯಲ್ಲಿ 23 ಚುಕ್ಕೆಯಷ್ಟು ಬಿಳಿ ಜಾಗ. ಮಡಿಕೆ, ಬೆವರು, ಮಣ್ಣು, ಝೆರಾಕ್ಸ್, ಏನನ್ನಾದರೂ ತಾಳಿಕೊಳ್ಳುತ್ತಿತ್ತು.

ನಮ್ಮ ಆಫೀಸಿನ ಹಿರಿಯ ಸರ್ ಕೈಯಲ್ಲಿ ಡ್ರಾಯಿಂಗ್ ಮಾಡಿದ ಕಾಲದವರು. ಟ್ರೇಸಿಂಗ್ ಹಾಳೆಯ ಮೇಲೆ ಸ್ಟೆನ್ಸಿಲ್ ಇಟ್ಟು ಇಂಕ್ ಪೆನ್ನಿನಲ್ಲಿ ಒಂದೊಂದೇ ಅಕ್ಷರ ಬರೆಯುತ್ತಿದ್ದರು. ಅವರ ಡ್ರಾಯರಿನಲ್ಲಿ ಆ ಸ್ಟೆನ್ಸಿಲ್‌ಗಳು ಈಗಲೂ ಇವೆ. ಮೂರು ಅಳತೆ, ಪ್ರತಿಯೊಂದಕ್ಕೂ ಅದರದೇ ಪೆನ್. 2.5ರ ಸ್ಟೆನ್ಸಿಲ್ಲಿನ ಸೀಳಿನಲ್ಲಿ 0.5ರ ಪೆನ್ ಹೋಗುವುದೇ ಇಲ್ಲ. ಪ್ಲಾನ್ ಯಾವ ಸ್ಕೇಲಿನದಾದರೂ ಕೈ ಬರೆಯುತ್ತಿದ್ದದ್ದು ಹಾಳೆಯ ಮೇಲೆ, ಕಣ್ಣು ನೋಡುತ್ತಿದ್ದದ್ದು ಹಾಳೆಯನ್ನೇ. ನನ್ನಿಂದಾದ ತಪ್ಪು ಅವರಿಂದ ಆಗಲು ದಾರಿಯೇ ಇರಲಿಲ್ಲ. ಅವರು ನನಗೆ ಬೈಯಲಿಲ್ಲ. ಸ್ಟೆನ್ಸಿಲ್ ಮೂರನ್ನೂ ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಆ ನಿಯಮದ ಎತ್ತರಗಳ ಸಾಲು ನೋಡಿ: 1.8, 2.5, 3.5, 5, 7, 10, 14, 20. ಕಾಲೇಜಿನಲ್ಲಿ ಇದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಯಾಕೆ ಈ ಅಂಕಿಗಳೇ ಎಂದು ಈ ಪ್ರಕರಣದ ಮೇಲೆ ತಿಳಿಯಿತು. ಒಂದರಿಂದ ಮುಂದಿನದಕ್ಕೆ ಸುಮಾರು 1.41 ಪಟ್ಟು. ಎ4ನಿಂದ ಎ3ಗೆ, ಎ3ನಿಂದ ಎ2ಗೆ ಹಾಳೆಯ ಬದಿ ಬೆಳೆಯುವುದೂ ಅದೇ 1.41 ಪಟ್ಟು. ಹಾಳೆ ಒಂದು ಮೆಟ್ಟಿಲು ಇಳಿದರೆ ಅಕ್ಷರವೂ ಸರಿಯಾಗಿ ಒಂದು ಮೆಟ್ಟಿಲು ಇಳಿಯುತ್ತದೆ. ಎ2 ಮೇಲಿನ 3.5, ಎ3 ಮೇಲೆ 2.5. ಎ2 ಮೇಲಿನ 5, ಎ4 ಮೇಲೆ 2.5. ಹಾಳೆ ಎಷ್ಟು ಮೆಟ್ಟಿಲು ಇಳಿಯಬಹುದು ಎಂದು ಮೊದಲೇ ಯೋಚಿಸಿದರೆ ಅಕ್ಷರವನ್ನು ಅಷ್ಟು ಮೆಟ್ಟಿಲು ಮೇಲೆ ಇಡಬಹುದು. ಎಷ್ಟು ಚೆಂದದ ಏರ್ಪಾಡು ಅಲ್ವಾ?

ಸೈಟಿನಲ್ಲಿ ಆದದ್ದು

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಜೆಸಿಬಿ ಮತ್ತೆ ಸಿಗಲು ಎರಡು ದಿನ ಬೇಕಿತ್ತು. ಹಾಗಾಗಿ ಕೈಯಿಂದಲೇ ಇಳಿಸಿದರು. ನಾಲ್ಕು ಆಳು, ಹಾರೆ, ಗುದ್ದಲಿ, ಸಲಿಕೆ. ಏಳು ತಗ್ಗನ್ನು ಒಂದೊಂದು ಫೂಟು ಇಳಿಸಲು ಒಂದೂವರೆ ದಿನ ಹಿಡಿಯಿತು. ಎಲ್ಲ ತಗ್ಗಿನ ತಳದಲ್ಲೂ ಗರಸು ಸಿಕ್ಕಿತು. ಆ ಆಳಿನ ಕೂಲಿ ನಮ್ಮ ಆಫೀಸು ಕೊಟ್ಟಿತು. ಅದು ಸರಿಯೂ ಹೌದು.

ಹೊಸ ಹಾಳೆ

ಮೊದಲು ನನಗೆ ತೋಚಿದ್ದು, ಎ2 ಹಾಳೆಯಲ್ಲಿ ಎಲ್ಲ ಅಕ್ಷರವನ್ನೂ 5 ಮಾಡಿಬಿಡೋಣ ಎಂದು. ಮಾಡಿಯೂ ನೋಡಿದೆ. ಪ್ಲಾನಿನಲ್ಲಿ ಕಾಲಂ ಹೆಸರು ಕಾಲಂ ಮೇಲೆಯೇ ಕೂತಿತು, ಅಳತೆಯ ಅಂಕಿಗಳು ಒಂದರ ಮೇಲೊಂದು ಬಿದ್ದವು, ಕಂಬಿಯ ಪಟ್ಟಿ ಹಾಳೆಯ ಹೊರಗೆ ಹೋಯಿತು. ಕಾಣುತ್ತದೆ, ಆದರೆ ಓದಲು ಬರುವುದಿಲ್ಲ. ಅಕ್ಷರ ಜಾಸ್ತಿ ದೊಡ್ಡದಾದರೂ ಅಷ್ಟೇ ತೊಂದರೆ.

ಹಾಗಾಗಿ ದಾರಿ ಬದಲಿಸಿದೆವು. ಪರವಾನಗಿಗೆ, ಫೈಲಿಗೆ ಎ2 ಹಾಳೆ ಇರಲಿ. ಸೈಟಿಗೆ ಬೇರೆಯೇ ಹಾಳೆ, ಎ3, ಒಂದು ಹಾಳೆಗೆ ಒಂದೇ ಕೆಲಸ. ಫುಟಿಂಗಿಗೆ ಒಂದು, ಪ್ಲಿಂತಿಗೆ (ಮನೆಯ ನೆಲದ ಮಟ್ಟಕ್ಕೆ) ಒಂದು, ಲಿಂಟೆಲಿಗೆ (ಬಾಗಿಲು ಕಿಟಕಿಯ ಮೇಲಿನ ತೊಲೆಗೆ) ಒಂದು. 30 ಫೂಟು 50 ಫೂಟು ಸೈಟ್ 1:100ರಲ್ಲಿ ಬರೀ 91 ಮಿಲಿಮೀಟರ್ ಅಗಲ, 152 ಮಿಲಿಮೀಟರ್ ಉದ್ದ. ಫುಟಿಂಗ್ ಸೆಕ್ಷನ್ ತಳದಿಂದ ಪ್ಲಿಂತ್ ತನಕ 1:20ರಲ್ಲಿ ಸುಮಾರು 120 ಮಿಲಿಮೀಟರ್. ಎರಡೂ ಒಂದು ಎ3ರಲ್ಲಿ ಆರಾಮಾಗಿ ಕೂರುತ್ತವೆ, ಸುತ್ತ ಜಾಗವೂ ಉಳಿಯುತ್ತದೆ. ಅಂಕಿ 3.5 ಎತ್ತರ, 0.35 ಪೆನ್. ಯಾರಾದರೂ ಎ4ಗೆ ಇಳಿಸಿದರೂ 2.5 ಆಗಿ ಉಳಿಯುತ್ತದೆ.

ಗುಣಾಕಾರವನ್ನು ಈಗ ನಾನು ಕೈಯಿಂದ ಮಾಡುವುದಿಲ್ಲ. ಆಟೋಕ್ಯಾಡ್ 2008ರಿಂದ ಅನೊಟೇಟಿವ್ ಎಂಬ ಸೌಲಭ್ಯ ಇದೆ. ಟೆಕ್ಸ್ಟ್ ಸ್ಟೈಲಿನಲ್ಲಿ ಹಾಳೆಯ ಮೇಲಿನ ಎತ್ತರ 3.5 ಎಂದು ಕೊಟ್ಟರೆ ಸಾಕು. ಅನೊಟೇಶನ್ ಸ್ಕೇಲ್ 1:20 ಇದ್ದಾಗ ಬರೆದದ್ದು ತಾನೇ 70 ಆಗುತ್ತದೆ, 1:100 ಇದ್ದಾಗ ಬರೆದದ್ದು 350 ಆಗುತ್ತದೆ. ಡೈಮೆನ್ಷನ್ ಸ್ಟೈಲನ್ನೂ ಹಾಗೇ ಅನೊಟೇಟಿವ್ ಮಾಡಿದೆ, ಓವರಾಲ್ ಸ್ಕೇಲಿನ ಗೊಡವೆಯೇ ಹೋಯಿತು. ಇಷ್ಟು ವರ್ಷ ಇದ್ದ ಸೌಲಭ್ಯವನ್ನು ನಾವು ಬಳಸದೇ ಇದ್ದದ್ದಕ್ಕೆ ಕಾರಣ ಅಭ್ಯಾಸ ಬಿಟ್ಟು ಬೇರೇನಿಲ್ಲ.

ಅದರಲ್ಲೂ ಎಡವುವ ಜಾಗಗಳಿವೆ. ವ್ಯೂಪೋರ್ಟಿನ ಸ್ಕೇಲ್ ಮತ್ತು ಅಕ್ಷರಕ್ಕೆ ಕೊಟ್ಟ ಅನೊಟೇಶನ್ ಸ್ಕೇಲ್ ಬೇರೆ ಬೇರೆ ಆದರೆ ಅಕ್ಷರ ಹಾಳೆಯಲ್ಲಿ ಕಾಣದೇ ಹೋಗಬಹುದು. ಮೊದಲ ಸಲ ಹೆದರಿಕೆಯಾಗುತ್ತದೆ. ಆದರೆ ತಪ್ಪು ಅಳತೆಯಲ್ಲಿ ಕಾಣುವುದಕ್ಕಿಂತ ಕಾಣದಿರುವುದು ಎಷ್ಟೋ ಮೇಲು, ಕೂಡಲೇ ಗೊತ್ತಾಗುತ್ತದಲ್ಲ. ಇನ್ನೊಂದು, ಡೈಮೆನ್ಷನ್ನಿಗೆ ಬಳಸುವ ಟೆಕ್ಸ್ಟ್ ಸ್ಟೈಲಿನಲ್ಲಿ ಎತ್ತರವನ್ನು ಸೊನ್ನೆ ಬಿಡಬೇಕು. ಅಲ್ಲಿ ಒಂದು ಅಂಕಿ ಕೂತಿದ್ದರೆ ಡೈಮೆನ್ಷನ್ ಸ್ಟೈಲಿನಲ್ಲಿ ನೀವು ಕೊಟ್ಟ ಎತ್ತರ ನಡೆಯುವುದಿಲ್ಲ. ಹೆಸರು, ದಿನಾಂಕ, ಸಾಮಾನ್ಯ ಸೂಚನೆ ಇವನ್ನೆಲ್ಲ ನಾನು ನೇರವಾಗಿ ಲೇಔಟಿನ ಹಾಳೆಯ ಮೇಲೆ ಬರೆಯುತ್ತೇನೆ. ಅಲ್ಲಿ 3.5 ಅಂದರೆ 3.5. ಕೆಲವರು ಅಳತೆಯನ್ನೂ ಅಲ್ಲೇ ಹಾಕುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ವ್ಯೂಪೋರ್ಟ್ ಸ್ವಲ್ಪ ಸರಿದರೂ ಅಂಕಿ ಒಂದು ಕಡೆ, ಗೋಡೆ ಇನ್ನೊಂದು ಕಡೆ ಆಗುತ್ತದೆ.

ಕನ್ನಡದಲ್ಲಿ ಬರೆದಾಗ

ಹೊಸ ಹಾಳೆ ಒಯ್ದು ತೋರಿಸಿದಾಗ ಕಾಕಾ ಅಂಕಿಗಳನ್ನೆಲ್ಲ ಓದಿದರು. ಆಮೇಲೆ ಇಂಗ್ಲಿಷಿನ ಸೂಚನೆಗಳ ಮೇಲೆ ಬೆರಳಿಟ್ಟು, "ಇದನ್ನ ಕನ್ನಡದಾಗ ಬರದ್ರ ನಾನೂ ಓದ್ತೀನಿ, ನನ್ನ ಹುಡುಗೂರೂ ಓದ್ತಾವ್ರಿ" ಎಂದರು. ಇಷ್ಟು ದಿನ ನನಗೆ ಅದು ಹೊಳೆದೇ ಇರಲಿಲ್ಲ.

ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿ ಕನ್ನಡ ಬರೆದರೆ ಬರುವುದು ಪ್ರಶ್ನೆ ಗುರುತು ಅಥವಾ ಖಾಲಿ ಚೌಕ. ಹಾಗಾಗಿ ಕನ್ನಡಕ್ಕೆ ವಿಂಡೋಸ್ ಜೊತೆ ಬರುವ ಟ್ರೂಟೈಪ್ ಫಾಂಟ್ ಬೇಕು, ನಿರ್ಮಲಾ ಅಥವಾ ಹಳೆಯ ವಿಂಡೋಸ್ ಜೊತೆ ಬರುತ್ತಿದ್ದ ತುಂಗಾ. ಮೊದಲು ಅಂಕಿಯಂತೆ 3.5 ಎತ್ತರಕ್ಕೇ ಬರೆದೆ: "ಗರಸು ಹತ್ತುವ ತನಕ ಅಗೆಯಿರಿ, ಆಮೇಲೆ ಪಿಸಿಸಿ". ಪ್ರಿಂಟ್ ತೆಗೆದು ನೋಡಿದರೆ ಅಕ್ಷರ ಅಂಕಿಗಿಂತ ಸಣ್ಣದಾಗಿ ಕಾಣುತ್ತಿತ್ತು. ಕ್ಯಾಡ್‌ನಲ್ಲಿ ಎತ್ತರ ಅಂದರೆ ಇಂಗ್ಲಿಷಿನ ದೊಡ್ಡಕ್ಷರದ ಎತ್ತರ. ನಮ್ಮ ಅಕ್ಷರ ಆ ಚೌಕಟ್ಟಿನಲ್ಲಿ ಕೂರುವುದೇ ಬೇರೆ ರೀತಿ. ಮೇಲೆ ಗುಡಿಸು, ತಲೆಕಟ್ಟು, ಕೆಳಗೆ ಒತ್ತು. "ಹತ್ತುವ" ಎಂಬಲ್ಲಿ ತಕಾರದ ಒತ್ತು ಮುಖ್ಯ ಅಕ್ಷರದ ಅರ್ಧದಷ್ಟೂ ಇಲ್ಲ. ಒತ್ತು ಅಳಿಸಿದರೆ ಪದವೇ ಬೇರೆ. ಎಂಟರ ಹೊಟ್ಟೆಗೆ ಆದ ಗತಿ ಒತ್ತಕ್ಷರಕ್ಕೂ ಆಗಬಹುದು.

ಅದಕ್ಕೆ ಕನ್ನಡದ ಸೂಚನೆಗಳನ್ನು ಒಂದು ಮೆಟ್ಟಿಲು ಏರಿಸಿ 5 ಮಾಡಿದೆ. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿದೆ. ಎಂಟೆಕ್ಸ್ಟ್‌ನಲ್ಲಿ, ಅಂದರೆ ಕ್ಯಾಡಿನ ಹಲವು ಸಾಲಿನ ಬರಹದಲ್ಲಿ, ಮಾಮೂಲಿ ಅಂತರ ಅಕ್ಷರದ ಎತ್ತರದ 1.66 ಪಟ್ಟು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವ ಹಾಗೆ ಇತ್ತು. ಎರಡು ಪಟ್ಟಿಗೆ ಇಟ್ಟೆ, ಉಸಿರಾಡಲು ಜಾಗ ಸಿಕ್ಕಿತು. ಜಾಗ ಜಾಸ್ತಿ ಹಿಡಿಯುತ್ತದೆ, ಆದ್ದರಿಂದ ಮಾತು ಕಡಿಮೆ ಮಾಡಬೇಕು. ಹದಿಮೂರು ಸೂಚನೆಗಳಲ್ಲಿ ಆ ಹಾಳೆಗೆ ನಿಜಕ್ಕೂ ಬೇಕಾದವು ಐದೇ ಆಗಿದ್ದವು.

ಆಳವನ್ನು ಈಗ ಎರಡು ರೀತಿ ಬರೆಯುತ್ತೇವೆ. ಅಳತೆ ಗೆರೆಯ ಮೇಲೆ 1800, ಪಕ್ಕದಲ್ಲಿ ಅಕ್ಷರದಲ್ಲಿ "ಆರು ಫೂಟು". ಎರಡರಲ್ಲಿ ಒಂದು ಅಳಿಸಿದರೂ ಇನ್ನೊಂದು ಹೇಳುತ್ತದೆ.

ಐವತ್ತರ ಗೆರೆ

ಎ2 ಹಾಳೆಯ ಮೇಲೆ 1:20 ಎಂದು ಬರೆದಿತ್ತು. ಅದು ಎ4 ಆದಾಗ 1:40 ಆಗಿತ್ತು, ಬರಹ ಮಾತ್ರ 1:20 ಎಂದೇ ಇತ್ತು. ಹಾಗಾಗಿ ಹೊಸ ಹಾಳೆಯ ಕೆಳಗಿನ ಮೂಲೆಯಲ್ಲಿ ಒಂದು ದಪ್ಪ ಗೆರೆ ಹಾಕಿ ಅದರ ಮೇಲೆ ಬರೆದೆ: "ಈ ಗೆರೆ 50 ಮಿಲಿಮೀಟರ್ ಇರಬೇಕು". ಹಾಳೆ ಕುಗ್ಗಿದೆಯೋ ಇಲ್ಲವೋ ಎಂದು ಯಾರು ಬೇಕಾದರೂ ಟೇಪ್ ಇಟ್ಟು ನೋಡಬಹುದು.

ಪ್ಲಿಂತ್ ಹಾಳೆ ಕಳಿಸಿದ ದಿನ ಸಂಜೆ ಕಾಕಾ ಫೋನ್ ಮಾಡಿದರು. "ಸರ, ಐವತ್ತರ ಗೆರಿ ಅಳದ್ನಿ. ನಲವತ್ತೆಂಟು ಐತ್ರಿ."

ಪ್ರಿಂಟರ್ ಅಂಚಿಗೆ ಜಾಗ ಬಿಡಲು ಪುಟವನ್ನು ಸ್ವಲ್ಪ ಕುಗ್ಗಿಸಿರುತ್ತದೆ. ಪ್ರಿಂಟ್ ಕೊಡುವಾಗ ಹಾಳೆಗೆ ಹೊಂದಿಸು ಎಂಬುದನ್ನು ತೆಗೆದು ಇದ್ದ ಗಾತ್ರ ಎಂದು ಹಾಕಿಸಬೇಕಿತ್ತು. ನಾನು ಲೆಕ್ಕ ಹಾಕಿದೆ. 50ಕ್ಕೆ 48 ಅಂದರೆ 3.5ರ ಅಂಕಿ 3.36 ಆಗಿದೆ.

"ಅಂಕಿ ಎಲ್ಲಾ ಸ್ವಚ್ಛ ಕಾಣ್ತಾವೇನ್ರಿ ಕಾಕಾ? ಎಂಟು, ಐದು, ಮೂರು, ಆರು?"

ಅವರು ಹಾಳೆ ನೋಡುತ್ತಾ ಒಂದೊಂದೇ ಅಳತೆಯನ್ನು ಜೋರಾಗಿ ಓದಿದರು. ನಾನು ಇಲ್ಲಿ ಪರದೆಯ ಮೇಲೆ ಒಂದೊಂದಕ್ಕೂ ಗುರುತು ಹಾಕುತ್ತಾ ಹೋದೆ. ಇಪ್ಪತ್ತಮೂರು ಅಳತೆ, ಎಲ್ಲವೂ ಸರಿ ಇದ್ದವು. "ಚಸ್ಮಾ ಹಾಕ್ಕೊಂಡಿಲ್ರಿ ಸರ" ಎಂದರು ಕೊನೆಗೆ. ಹಾಗಾದರೆ ಅದೇ ಹಾಳೆಯಲ್ಲಿ ಕೆಲಸ ಶುರು ಮಾಡಿ, ಟೇಪ್ ಇಟ್ಟು ಹಾಳೆಯಿಂದ ಮಾತ್ರ ಏನೂ ಅಳೆಯಬೇಡಿ, ಬರೆದದ್ದನ್ನೇ ಹಿಡಿಯಿರಿ ಎಂದು ಹೇಳಿ ಫೋನ್ ಇಟ್ಟೆ.